ಜೋರಾಗಿ ನಗುವವನಿಗೆ ಕೀ ಇಲ್ಲ

ಬೆಳಗಿನ ಜಾವ. ಬಸ್ ಡಿಪೋದ ಅಂಗಳದಲ್ಲಿ ಎಂಜಿನ್‌ಗಳು ಕೆಮ್ಮುತ್ತಾ ಏಳುತ್ತಿವೆ. ಕಿಟಕಿಯೊಳಗೆ ಕೂತ ಕೀ ದೊಡ್ಡಪ್ಪ ಮೊಳೆಯಿಂದ ಒಂದೊಂದೇ ಕೀ ತೆಗೆಯುತ್ತಾರೆ, ಆದರೆ ತಕ್ಷಣ ಕೊಟ್ಟುಬಿಡುವುದಿಲ್ಲ. ಮೊದಲು ಡ್ರೈವರ್‌ನ ಮುಖ ನೋಡುತ್ತಾರೆ.

"ನಿದ್ದೆ ಬಂತೇನೋ?"

"ಬಂತು ದೊಡ್ಡಪ್ಪ. ಹೆಂಡ್ತಿ ಗೊರಕೆ ಒಂದು ಬಿಟ್ರೆ ಎಲ್ಲಾ ಸುಖ."

"ಹೊಡಿಯೋದು ಅವಳೋ, ನೀನೋ?"

ಸಾಲಿಗೆ ಸಾಲೇ ನಗುತ್ತದೆ. ಕೀ ಕೈ ಸೇರುತ್ತದೆ.

ದಿನಕ್ಕೆ ಎಂಬತ್ತು ಚಿಲ್ಲರೆ ಬಸ್ಸು, ಅಷ್ಟೇ ಮುಖ. ಕೀ ಕೊಡುವುದು ಡಿಪೋ ಕೊಟ್ಟ ಕೆಲಸ. ಮುಖ ನೋಡುವುದು ಅವರೇ ತಲೆ ಮೇಲೆ ಎಳೆದುಕೊಂಡಿದ್ದು.

ಹಿಂದೆ ಅವರೂ ಸ್ಟೀರಿಂಗ್ ಹಿಡಿದವರೇ. ಒಡಹುಟ್ಟಿದ ತಮ್ಮ ತೀರಿಕೊಂಡ ವಾರದಲ್ಲೇ ಡ್ಯೂಟಿಗೆ ಬಂದರು. ತುಂಬಿದ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತರು. ಅಷ್ಟು ಸಾಕಾಯಿತು. ಅಳುಬುರುಕ ಅಂತ ಹೆಸರಿಟ್ಟು ಈ ಕಿಟಕಿಗೆ ತಳ್ಳಿದರು. ಸಾವಿನ ಮನೆಯಲ್ಲೂ ಗಂಡಸು ಕಲ್ಲಾಗಿ ನಿಲ್ಲಬೇಕಂತೆ. ಯಾವ ಸೀಮೆ ನ್ಯಾಯ ಇದು? ಕಲ್ಲಿನ ಕೈಗೆ ಬಸ್ ಕೊಟ್ಟು ಅದರಲ್ಲಿ ಮಕ್ಕಳನ್ನು ಕೂರಿಸ್ತೀರಾ?

"ಸಪ್ಪಗಿರೋನ ಬಗ್ಗೆ ನಂಗೆ ಭಯ ಇಲ್ಲ. ಜೋರಾಗಿ ನಗ್ತಾ ಬರ್ತಾನಲ್ಲ, ಅವನ ಮೇಲೇ ನನ್ನ ಕಣ್ಣು," ಅನ್ನುತ್ತಾರೆ ದೊಡ್ಡಪ್ಪ.

ಇವತ್ತು ಹಾಗೆ ನಗುತ್ತಾ ಬಂದವನು, ಡಿಪೋದವರೆಲ್ಲ ಮೀಸೆ ಅಂತ ಕರೆಯುವ ಡ್ರೈವರ್. ಬಾಗಿಲು ತುಂಬುವಂಥ ಆಳು. ಹೋದ ತಿಂಗಳು ಪುಟ್ಟ ಮಗಳನ್ನು ಕಳೆದುಕೊಂಡವನು, ಆಮೇಲೆ ರಜೆಯನ್ನೇ ಹಾಕಿಲ್ಲ. ದೊಡ್ಡಪ್ಪ ಅವನ ಕೀ ಮೇಲೆ ಕೈಯಿಟ್ಟು ಕೂತುಬಿಡುತ್ತಾರೆ.

"ಕೊಡಿ ದೊಡ್ಡಪ್ಪ, ಟೈಮಾಯ್ತು."

"ಇವತ್ತು ಓಡಿಸ್ಬೇಡ. ಒಳಗೆ ಬಾ, ಕೂತ್ಕೋ."

"ಬಳೆ ತೊಟ್ಕೊಂಡು ಕೂತ್ಕೊಳ್ಳಲಾ?"

"ತೊಟ್ಕೋ. ನಿಮ್ಮಮ್ಮ ತೊಟ್ಕೊಂಡೇ ನಿನ್ನ ಸಾಕಿದ್ದು."

ಸೂಪರ್‌ವೈಸರ್ ಅಂಗಳದಿಂದಲೇ ಕೂಗುತ್ತಾರೆ, "ರೀ, ಆ ಬಸ್ ಯಾಕೆ ಹೊರಟಿಲ್ಲ?"

"ಬೇರೆಯವರನ್ನ ಕಳಿಸಿ ಸಾರ್. ತಡ ಆಗಿದ್ದು ನನ್ನ ತಲೆಗೆ ಕಟ್ಟಿ."

ಗೊಣಗುತ್ತಲೇ ಒಳಬಂದ ಮೀಸೆ ಬೆಂಚಿನ ತುದಿಯಲ್ಲಿ ಕೂರುತ್ತಾನೆ. ದೊಡ್ಡಪ್ಪ ಸಮಾಧಾನದ ಮಾತು ಆಡುವುದಿಲ್ಲ.

"ಮಗೂನ ಮುದ್ದಿಗೆ ಏನಂತ ಕರೀತಿದ್ದೆ?"

"ಇಲಿಮರಿ," ಅನ್ನುವಷ್ಟರಲ್ಲಿ ಆ ದೊಡ್ಡ ಭುಜ ಕುಸಿಯುತ್ತದೆ. ತಿಂಗಳಿಂದ ತಡೆದಿದ್ದು ಕಟ್ಟೆಯೊಡೆಯುತ್ತದೆ.

ರಾತ್ರಿ ಪಾಳಿ ಮುಗಿಸಿ ಕೀ ಒಪ್ಪಿಸಲು ಸಾಲಿನಲ್ಲಿದ್ದ ಇಬ್ಬರು ಡ್ರೈವರ್‌ಗಳು, ಯಾರೂ ಹೇಳದೆಯೇ, ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಲ್ಲುತ್ತಾರೆ. ಒಬ್ಬನೂ ಕಿಸಕ್ಕನ್ನುವುದಿಲ್ಲ. ದೊಡ್ಡಪ್ಪನನ್ನು ಆಡಿಕೊಂಡು ನಕ್ಕಿದ್ದು ಇದೇ ಡಿಪೋ. ಇದನ್ನು ಬದಲಾಯಿಸಿದ್ದು ಯಾವ ದೊಡ್ಡ ಮನುಷ್ಯನೂ ಅಲ್ಲ, ಈ ಕಿಟಕಿ ಹಿಂದಿನ ಮುದುಕ.

ಬಿಸಿಲೇರಿದ ಮೇಲೆ ಮೀಸೆ ಮುಖ ತೊಳೆದು ಬರುತ್ತಾನೆ. "ನಾಳೆಗೂ ಕೀ ಬೇಡ ದೊಡ್ಡಪ್ಪ. ಮನೇಲಿರ್ತೀನಿ. ಹೆಂಡ್ತಿ ಹತ್ರಾನೂ ನಾನು ಮಗಳ ಮಾತೆತ್ತಿಲ್ಲ."

ಅವನು ಗೇಟು ದಾಟುವವರೆಗೂ ದೊಡ್ಡಪ್ಪ ಕಿಟಕಿಯಿಂದ ನೋಡುತ್ತಾರೆ. ಆಮೇಲೆ ಬಾಗಿಲಲ್ಲಿದ್ದವರ ಕಡೆ ತಿರುಗುತ್ತಾರೆ.

"ಕೇಳಿಸ್ತೇನ್ರೋ? ನಾಳೆ ಬೇಡ ಅಂತ ಅವನೇ ಹೇಳಿದ. ಇವತ್ತಿನ ಹಾಗೆ ನಾನು ತಡೆದಿದ್ದಲ್ಲ."