ಹೆಪ್ಪುಗಟ್ಟಿದ ಕೆರೆಯ ಮೇಲೆ ಹದಿನೈದು ದಿನ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹದಿನೆಂಟು ನಿಮಿಷಕ್ಕೆ ಆ ಹುಡುಗಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೊದಲ ಹೆಜ್ಜೆ ಇಟ್ಟಳು. ಗಳಿಗೆಯನ್ನು ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣ ನನ್ನ ಜಾಗರೂಕತೆಯಲ್ಲ, ಜಂಬ. ಮೊದಲ ಸಂಬಳದಲ್ಲಿ ಕೊಂಡ ಕೈಗಡಿಯಾರವನ್ನು ನಾಲ್ಕು ಜನ ಕೂತಲ್ಲೆಲ್ಲ ಒಮ್ಮೆ ತಿರುಗಿಸಿ ನೋಡಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಹಾಗೆ ನೋಡಿಕೊಂಡು ತಲೆಯೆತ್ತಿದವಳು ಮುಂದಿನ ಐದು ನಿಮಿಷಗಳಲ್ಲಿ ಕಂಡದ್ದನ್ನು ಎಷ್ಟು ಸಲ ಮತ್ತೆ ಮತ್ತೆ ಕಂಡಿದ್ದೇನೋ ಲೆಕ್ಕವಿಲ್ಲ. ಲೋಕಲ್ ರೈಲಿನಲ್ಲಿ ನಿಂತಾಗ, ಆಫೀಸಿನಲ್ಲಿ ಕಾಗದ ಬರೆಯುವಾಗ, ಸಾರಿಗೆ ಒಗ್ಗರಣೆ ಹಾಕುವಾಗ ಅದು ಹೇಳದೆ ಕೇಳದೆ ಬಂದು ಎದುರಿಗೆ ನಿಲ್ಲುತ್ತದೆ.

ಕೆರೆ ಇದ್ದದ್ದು ಒಂದು ಇಂಗ್ಲಿಷ್ ಕಾದಂಬರಿಯಲ್ಲಿ. ಹುಡುಗಿ ಅದರ ನಾಯಕಿ, ಹದಿನಾಲ್ಕು ವರ್ಷದ ತಬ್ಬಲಿ. ನಾವು ಇದ್ದದ್ದು ಮಾಟುಂಗದ ಒಂದು ಚಾಳಿನ ಎರಡನೆಯ ಮಹಡಿಯ ಗ್ಯಾಲರಿಯಲ್ಲಿ. ಓದುತ್ತಿದ್ದವಳು ನನ್ನ ಅಕ್ಕನ ಮಗಳು ವತ್ಸಲೆ. ಅವಳಿಗೂ ಹದಿನಾಲ್ಕು.

ಈ ಹೆಣ್ಣುಮಕ್ಕಳ ಕಾದಂಬರಿಗಳನ್ನು ನೀವೂ ಓದಿದ್ದೀರಿ, ಅಥವಾ ಮನೆಯಲ್ಲಿ ಯಾರಾದರೂ ಅನ್ನ ಸೀಯಿಸಿಕೊಂಡು ಓದುವುದನ್ನು ನೋಡಿದ್ದೀರಿ. ಅವುಗಳ ನಾಯಕಿಯರಿಗೆ ಸಾಮಾನ್ಯವಾಗಿ ತಾಯಿ ಇರುವುದಿಲ್ಲ. ಸಿಡುಕುವ ಒಬ್ಬ ಹಿರಿಯಳು ಇದ್ದೇ ಇರುತ್ತಾಳೆ. ಉಣ್ಣುವುದು ಎರಡು ತುಂಡು ಬ್ರೆಡ್ಡು, ಅದರ ವರ್ಣನೆ ಮಾತ್ರ ಎರಡು ಪುಟ. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿಯೊಬ್ಬಳಿಗೂ ಮನೆಯ ಮೇಲ್ಭಾಗದಲ್ಲಿ ಒಂದು ಪುಟ್ಟ ಕೋಣೆ, ಅದಕ್ಕೊಂದು ಕಿಟಕಿ. ವತ್ಸಲೆ ಅವರ ಧೈರ್ಯವನ್ನು ಮೆಚ್ಚುತ್ತಿದ್ದಳು, ಸತ್ಯಸಂಧತೆಯನ್ನು ಗೌರವಿಸುತ್ತಿದ್ದಳು, ಆದರೆ ಹೊಟ್ಟೆಕಿಚ್ಚು ಪಟ್ಟದ್ದು ಆ ಕೋಣೆಗೆ. ಎರಡು ಕೋಣೆಗಳಲ್ಲಿ ಏಳು ಜನರಿದ್ದ ನಮ್ಮ ಬಿಡಾರದಲ್ಲಿ ಅವಳು ಕಂಡುಕೊಂಡ ಏಕಾಂತವೆಂದರೆ ಅಡಿಗೆಮನೆಯ ಮೇಲೆ ಹಳೆಯ ಹಾಸಿಗೆ, ಹಬ್ಬದ ಪಾತ್ರೆಗಳನ್ನು ತುರುಕಿಡುವ ಅಟ್ಟ. ಹಂಡೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮೊಣಕಾಲು ಮಡಚಿ, ಬ್ಯಾಟರಿ ದೀಪ ಹಿಡಿದು ಅವಳು ಓದಿದ ಪುಟಗಳನ್ನು ನಾನು ಬಿ.ಎ.ಗಾಗಿ ಓದಿದ ಪುಟಗಳ ಪಕ್ಕದಲ್ಲಿಟ್ಟರೆ ಡಿಗ್ರಿಯನ್ನು ಅವಳಿಗೇ ವರ್ಗಾಯಿಸಬೇಕಾದೀತು. ನಾನು ನಾಯಕಿಯರ ಗುಣವಿಶೇಷಗಳನ್ನು ಹತ್ತು ಅಂಕಕ್ಕೆ ಬರೆದು ಪಾಸಾದವಳು. ಅವಳು ನಾಯಕಿಗೆ ಜ್ವರ ಬಂದರೆ ತಾನೂ ಊಟ ಬಿಡುವವಳು.

ಪುಸ್ತಕಗಳನ್ನು ತಂದುಕೊಡುತ್ತಿದ್ದವಳು ನಾನೇ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಕಿಂಗ್ಸ್ ಸರ್ಕಲಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರಡಿ ಕೂರುವವನು ನನ್ನನ್ನು ದೂರದಿಂದಲೇ ಗುರುತಿಸಿ, ತಬ್ಬಲಿ ನಾಯಕಿಯರನ್ನೆಲ್ಲ ಒಂದು ಕಡೆ ಪೇರಿಸಿಡುತ್ತಿದ್ದ.

ಶನಿವಾರ ನನಗೆ ಅರ್ಧ ದಿನದ ಆಫೀಸು. ಫೋರ್ಟಿನ ವಿಮಾ ಕಚೇರಿಯಿಂದ ಬಂದು ಊಟ ಮುಗಿಸುವ ಹೊತ್ತಿಗೆ ಗ್ಯಾಲರಿಯಲ್ಲಿ ಚಾಪೆ ಹಾಸಿರುತ್ತಿತ್ತು. ರೇಶನ್ ಅಕ್ಕಿಯಲ್ಲಿ ಕಲ್ಲು ಧಾರಾಳವಾಗಿ ಬರುತ್ತಿದ್ದ ಕಾಲ. ಅಕ್ಕಪಕ್ಕದ ಹೆಂಗಸರು ಮೊರ ಹಿಡಿದು ಕೂತು ವಾರದ ಅಕ್ಕಿಯನ್ನು ಹಸನು ಮಾಡುತ್ತಿದ್ದರು. ಕಣ್ಣಿಗೂ ಕೈಗೂ ಕೆಲಸ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗಳಿಗೆ ವತ್ಸಲೆ ಕಾದಂಬರಿ ಓದುತ್ತಿದ್ದಳು. ಕಣ್ಣು ಇಂಗ್ಲಿಷಿನ ಮೇಲೆ, ನಾಲಿಗೆ ಕನ್ನಡದಲ್ಲಿ. ಮುಂದಿನ ಪುಟವನ್ನು ಒಬ್ಬಳೇ ಮೊದಲು ಓದಕೂಡದು ಎಂಬುದು ಕೇಳುಗರು ಅವಳಿಂದ ಮಾಡಿಸಿಕೊಂಡ ಕರಾರು. ವಾರವಿಡೀ ಅದನ್ನು ಪಾಲಿಸುವುದು ಅವಳಿಗೆ ಏಕಾದಶಿಯ ಉಪವಾಸಕ್ಕಿಂತ ಕಠಿಣವಾಗಿತ್ತು, ಆದರೂ ಪಾಲಿಸುತ್ತಿದ್ದಳು.

ಅವಳ ಬಾಯಿಂದ ಬರುವಾಗ ಪಾದ್ರಿಗಳು ಭಟ್ಟರಾಗುತ್ತಿದ್ದರು, ಓಟ್ಸಿನ ಗಂಜಿ ನಮ್ಮ ಕುಚ್ಚಲಕ್ಕಿ ಗಂಜಿಯಾಗುತ್ತಿತ್ತು. ಹಿಮವೆಂದರೆ ಏನೆಂದು ಯಾರೋ ಕೇಳಿದಾಗ, ಗೋಲಾದವನು ಕೆರೆದು ಉದುರಿಸುವ ಐಸಿನ ಪುಡಿ ಮಾಟುಂಗದಿಂದ ದಾದರಿನ ತನಕ ಮೊಣಕಾಲುದ್ದ ಬಿದ್ದಿದೆ ಎಂದುಕೊಳ್ಳಿ ಅಂದಳು. ಪಕ್ಕದ ಮನೆಯ ಗಿರಿಜಕ್ಕ ಮೊರ ಕೆಳಗಿಟ್ಟರು. "ಅಷ್ಟು ಚಳಿಗೆ ಒಂದು ಲೋಟ ಕಷಾಯ ಮಾಡಿ ಕೊಡ್ಲಿಕ್ಕೆ ಆ ಅತ್ತೆಗೆ ಎಂತ ಧಾಡಿ?" ನಾಯಕಿಯ ಸೋದರತ್ತೆಯನ್ನು ಗಿರಿಜಕ್ಕ ತುಸು ಹೆಚ್ಚೇ ಉತ್ಸಾಹದಿಂದ ಬೈಯುತ್ತಿದ್ದರು. ಅವರ ಸ್ವಂತ ಅತ್ತೆ ಪಕ್ಕದಲ್ಲೇ ಕೂತಿರುತ್ತಿದ್ದರು, ಆದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ನಾವೆಲ್ಲ ಅಜ್ಜಿ ಎಂದು ಕರೆಯುತ್ತಿದ್ದ ಆ ಎಪ್ಪತ್ತು ದಾಟಿದ ಹೆಂಗಸು ಜನ ಸೇರಿದ್ದಾರೆಂಬ ಒಂದೇ ಖುಷಿಗೆ ಬಂದು ಕೂತು, ನಾವು ನಕ್ಕಾಗ ಸ್ವಲ್ಪ ತಡವಾಗಿ ನಕ್ಕು, ಎಲ್ಲರಿಗಿಂತ ಹೆಚ್ಚು ಕಲ್ಲು ಹೆಕ್ಕುತ್ತಿದ್ದರು.

ಆ ಶನಿವಾರ ಸೋದರತ್ತೆಗೆ ಕಾಯಿಲೆ ವಿಷಮಿಸಿತ್ತು. ವೈದ್ಯ ಇದ್ದದ್ದು ಕೆರೆಯ ಆಚೆ ದಡದಲ್ಲಿ. ಇಷ್ಟು ದಿನ ತನ್ನನ್ನು ಹಂಗಿಸಿದ ಅತ್ತೆಗಾಗಿ ಹುಡುಗಿ ಲಾಟೀನು ಹಿಡಿದು ಐಸಿನ ಮೇಲೆ ಹೊರಟಿದ್ದಳು. ನಾನು ಆ ಪುಸ್ತಕವನ್ನು ಕಾಲೇಜಿನಲ್ಲಿ ಓದಿದ್ದೆ. ಅವಳು ಮುಳುಗುತ್ತಾಳೋ ದಾಟುತ್ತಾಳೋ ನನಗೆ ಗೊತ್ತಿತ್ತು. ಆದರೂ ವತ್ಸಲೆ ದನಿ ತಗ್ಗಿಸಿ, ಒಂದೊಂದು ಹೆಜ್ಜೆಗೂ ಒಂದೊಂದು ವಾಕ್ಯವನ್ನು ಇಡುತ್ತ ಹೋದ ಹಾಗೆ ನನ್ನ ಅಂಗಾಲು ತಣ್ಣಗಾಗತೊಡಗಿತು. ನಾನು ಬಾಗಿಲ ಹೊಸ್ತಿಲ ಮೇಲೆ ಗ್ಯಾಲರಿಯ ಕಟಕಟೆಗೆ ಮುಖ ಮಾಡಿ ಕೂತಿದ್ದೆ. ಉಳಿದವರೆಲ್ಲ ನನ್ನ ಕಡೆಗೆ ಮುಖ ಮಾಡಿ, ಅಂದರೆ ಕಟಕಟೆಗೆ ಬೆನ್ನು ಹಾಕಿ ಕೂತಿದ್ದರು. ಅಜ್ಜಿ ಮಾತ್ರ ಪಕ್ಕಕ್ಕೆ, ಗೋಡೆಗೆ ಒರಗಿ.

ಗಿರಿಜಕ್ಕನ ಎರಡೂವರೆ ವರ್ಷದ ಮಗಳು ಬೇಬಿ ಅಷ್ಟರಲ್ಲಿ ಒಂದು ಖಾಲಿ ಸೀಮೆಎಣ್ಣೆ ಡಬ್ಬವನ್ನು ಕಟಕಟೆಯ ಕಡೆಗೆ ಎಳೆದಳು. ಕೆಳಗೆ ಅಂಗಳದಲ್ಲಿ ಯಾರದೋ ಆಡು ಕಟ್ಟಿತ್ತು, ಅದನ್ನು ನೋಡಬೇಕಿತ್ತು ಅವಳಿಗೆ. ಡಬ್ಬ ನೆಲಕ್ಕೆ ಕೆರೆದು ಕರಕರ ಸದ್ದು ಮಾಡಿತು. ಅದು ನನಗೆ ಕೇಳಿಸಿತು. ಐಸು ಬಿರುಕು ಬಿಡುತ್ತಿದೆ ಅಂದುಕೊಂಡೆ. ಬೇಬಿ ಡಬ್ಬದ ಮೇಲೆ ಹತ್ತಿದಳು. ಅದೂ ನನಗೆ ಕಂಡಿತು. ಕಟಕಟೆಯ ಮೇಲೆ ಹೊಟ್ಟೆ ಊರಿ ಬಗ್ಗಿದಳು; ಹಳದಿ ಫ್ರಾಕು, ಅದರ ಹಿಂದೆ ಬಿಚ್ಚಿಹೋದ ಲಾಡಿ, ಡಬ್ಬದಿಂದ ಮೇಲಕ್ಕೆದ್ದ ಎರಡು ಪುಟ್ಟ ಹಿಮ್ಮಡಿ. ನನ್ನ ಕಣ್ಣು ನೆಟ್ಟಿದ್ದದ್ದು ಅಲ್ಲಿಯೇ. ನಾನು ನೋಡುತ್ತಿದ್ದದ್ದು ಮಾತ್ರ ಬಿಳಿಯ ಕೆರೆಯನ್ನು, ಒಂದು ಲಾಟೀನನ್ನು.

ಅಜ್ಜಿಯ ಮೊರ ಹಾರಿಬಿದ್ದು ಅಕ್ಕಿ ಚೆಲ್ಲಿತು. ಮಂಡಿನೋವಿನಿಂದ ಗೋಡೆ ಹಿಡಿದು ಏಳುವ ಆ ಮುದುಕಿ ಎರಡು ಹೆಜ್ಜೆಯಲ್ಲಿ ಕಟಕಟೆ ಮುಟ್ಟಿ, ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿ, ಮಗುವಿನ ಸಮೇತ ಅಕ್ಕಿಯ ಮೇಲೆ ಕುಸಿದು ಕೂತರು. ಬೇಬಿ ನಗುತ್ತಿದ್ದಳು. ಅಜ್ಜಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, "ಎಂತ, ಎಲ್ಲರಿಗೂ ನನ್ನ ಕಿವಿ ಬಂತಾ?" ಅಂದರು.

ಮುಂದಿನ ಅರ್ಧ ಗಂಟೆ ನಾವು ಗ್ಯಾಲರಿಯ ಹಲಗೆಗಳ ಸಂದಿಯಿಂದ ಅಕ್ಕಿ ಹೆಕ್ಕಿದೆವು. ಗಿರಿಜಕ್ಕ ಮಗುವಿಗೆ ಹಾಲು ಕುಡಿಸಿ ಮಲಗಿಸಿದ ಮೇಲಷ್ಟೇ ಅತ್ತರಂತೆ. ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಅವರ ಯಜಮಾನರಿಗೆ ಹೇಳುವುದು ಬೇಡವೆಂದು ಅತ್ತೆ ಸೊಸೆ ಇಬ್ಬರೂ ಒಮ್ಮತಕ್ಕೆ ಬಂದದ್ದು ಆ ಮನೆಯ ಇತಿಹಾಸದಲ್ಲೇ ಮೊದಲು ಎಂದು ಅಕ್ಕ ಆಮೇಲೆ ಹೇಳಿದಳು.

ವತ್ಸಲೆಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವಳು ಪುಟಕ್ಕೆ ಗುರುತನ್ನೂ ಇಡದೆ ಪುಸ್ತಕ ಮುಚ್ಚಿ, ತಾಯಿಯ ಧಾರೆ ಸೀರೆ ಇರುವ ಟ್ರಂಕಿನ ತಳಕ್ಕೆ ಸೇರಿಸಿದಳು. ಅಟ್ಟ ಹತ್ತುವುದನ್ನು ಬಿಟ್ಟಳು. ಮೂರು ಸಲ ಅನ್ನ ಸೀಯಿಸಿದ ಖ್ಯಾತಿಯ ಹುಡುಗಿ ಈಗ ಹೇಳುವ ಮೊದಲೇ ಪಾತ್ರೆ ತೊಳೆದಿಡುತ್ತಿದ್ದಳು, ತಮ್ಮಂದಿರ ಅಂಗಿಗೆ ಗುಂಡಿ ಹಾಕುತ್ತಿದ್ದಳು, ಗ್ಯಾಲರಿಯಲ್ಲಿ ಬೇಬಿ ಕಂಡರೆ ಓಡಿಹೋಗಿ ಎತ್ತಿಕೊಳ್ಳುತ್ತಿದ್ದಳು. ಅಕ್ಕ ನನ್ನನ್ನು ಕರೆದು, "ಇವಳಿಗೆ ಜ್ವರ ಉಂಟಾ ಮುಟ್ಟಿ ನೋಡು" ಅಂದಳು. ಹಣೆ ತಣ್ಣಗಿತ್ತು. ನನಗೆ ಅದೇ ಭಯವಾಯಿತು. ಅಷ್ಟು ಒಳ್ಳೆಯವಳಾದ ಹುಡುಗಿ ಇನ್ನು ಜನ್ಮದಲ್ಲಿ ಪುಸ್ತಕ ಮುಟ್ಟುವಳೆಂದು ಯಾರು ತಾನೇ ನಂಬುತ್ತಾರೆ?

ನನ್ನ ಪಾಡು ಬೇರೆ. ರಾತ್ರಿ ನಿದ್ದೆಗೆಂದು ಕಣ್ಣು ಮುಚ್ಚಿದರೆ ಆ ಎರಡು ಹಿಮ್ಮಡಿಗಳು ಡಬ್ಬದಿಂದ ಮೇಲೇಳುತ್ತಿದ್ದವು. ಪ್ರತಿ ಸಲವೂ ನಾನು ಹೊಸ್ತಿಲಿಂದ ಎದ್ದು ಓಡುತ್ತಿದ್ದೆ, ಪ್ರತಿ ಸಲವೂ ಅಜ್ಜಿಗಿಂತ ತಡವಾಗುತ್ತಿತ್ತು. ಆಫೀಸಿನಲ್ಲಿ ಒಂದೇ ಕಾಗದವನ್ನು ಎರಡು ಸಲ ಬರೆದು ಇಬ್ಬರಿಗೆ ಕಳಿಸಿದೆ. ಆ ಐದು ನಿಮಿಷ ಕಟಕಟೆಯ ಕಡೆ ಮುಖ ಮಾಡಿದ್ದವಳು ನಾನೊಬ್ಬಳೇ ಎಂಬುದನ್ನು ಯಾರೂ ಗಮನಿಸಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ. ಕಾದಂಬರಿಗಳಲ್ಲಿ ಸತ್ಯ ಹೇಳಲು ತೊಳಲಾಡುವ ಪಾತ್ರಗಳ ಬಗ್ಗೆ ನಾನು ಪರೀಕ್ಷೆಯಲ್ಲಿ ಮನಮುಟ್ಟುವಂತೆ ಬರೆದಿದ್ದೆ. ಅದು ಇಷ್ಟು ಅನಾನುಕೂಲದ ಕೆಲಸವೆಂದು ಪಠ್ಯದಲ್ಲಿರಲಿಲ್ಲ.

ನಡುವಿನ ಶನಿವಾರ ಯಾರೂ ಗ್ಯಾಲರಿಗೆ ಬರಲಿಲ್ಲ. ತಮ್ಮ ತಮ್ಮ ಮನೆಯೊಳಗೇ ಅಕ್ಕಿ ಆರಿಸಿಕೊಂಡರು. ಅದರ ಮುಂದಿನ ಶನಿವಾರ ಅಜ್ಜಿ ತಾವೇ ಚಾಪೆ ಹಾಸಿ ಕೂತದ್ದರಿಂದ ಉಳಿದವರೂ ಬಂದರು. ವತ್ಸಲೆಯೂ ಒಂದು ಮೊರ ಹಿಡಿದು ತಲೆ ತಗ್ಗಿಸಿ ಕೂತಿದ್ದಳು. ಬೇಬಿ ತಾಯಿಯ ಮಡಿಲಿನಲ್ಲಿದ್ದಳು. ಗಿರಿಜಕ್ಕ ಅಕ್ಕಿಯನ್ನೇ ಕೇಳುವವರ ಹಾಗೆ, "ಆ ಹುಡುಗಿ ಕೆರೆ ದಾಟಿದ್ಲಾ?" ಅಂದರು.

"ಗೊತ್ತಿಲ್ಲ, ಗಿರಿಜಕ್ಕ. ನಾನು ಓದ್ಲಿಲ್ಲ," ಎಂದಳು ವತ್ಸಲೆ.

ಬೇಕಾದರೆ ನಾನು ಹೇಳುತ್ತೇನೆ ಎಂದು ಬಾಯಿ ತೆರೆದೆ. "ನೀನು ಹೇಳುದು ಬೇಡ," ಅಂದರು ಗಿರಿಜಕ್ಕ. "ನೀನು ಹೇಳಿದ್ರೆ ಪೇಪರಿನ ಸುದ್ದಿ ಹಾಗೆ ಇರ್ತದೆ." ಆಮೇಲೆ ವತ್ಸಲೆಯ ಕಡೆ ತಿರುಗಿ, "ಹದಿನೈದು ದಿನದಿಂದ ಅವಳನ್ನು ಐಸಿನ ಮೇಲೆ ನಿಲ್ಲಿಸಿದ್ದೀಯಲ್ಲ ಮಾರಾಯ್ತಿ. ಕಾಲು ಏನಾಗಿರಬೇಡ."

"ನಾನು ಓದಿದ್ದಕ್ಕೇ ಅಲ್ವಾ ಬೇಬಿ ಹಾಗೆ..." ಎಂದಳು ವತ್ಸಲೆ.

"ಅಲ್ಲ," ಅಂದೆ ನಾನು. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. "ನೀನು ಪುಸ್ತಕ ನೋಡ್ತಾ ಇದ್ದೆ. ಇವರದ್ದೆಲ್ಲ ಕಟಕಟೆಗೆ ಬೆನ್ನು. ನಾನು ಬೇಬಿಯನ್ನೇ ನೋಡ್ತಾ ಇದ್ದೆ. ಡಬ್ಬ ಎಳೆದದ್ದು, ಹತ್ತಿದ್ದು, ಬಗ್ಗಿದ್ದು ಎಲ್ಲ ನೋಡಿದ್ದೇನೆ. ತಲೆಗೆ ಹೋಗಲಿಲ್ಲ."

ಮೊರಗಳೆಲ್ಲ ನಿಂತವು. ಅಕ್ಕ ನನ್ನನ್ನು ನೋಡಲಿಲ್ಲ. ಗಿರಿಜಕ್ಕ ನೋಡಿದರು, ಎಷ್ಟು ಹೊತ್ತೆಂದು ಹೇಳಲಾರೆ, ಏಕೆಂದರೆ ಆ ದಿನ ಗಡಿಯಾರದ ಕಡೆ ನನ್ನ ಕಣ್ಣು ಹೋಗಲಿಲ್ಲ. "ನೋಡಿದ್ದೆಯಾ," ಎಂದರು ಅವರು ಕೊನೆಗೆ. ಪ್ರಶ್ನೆಯಲ್ಲ ಅದು. ಎದ್ದರು. ಮಗುವನ್ನು ಎತ್ತಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆಂದು ಕಾದೆ. ಅವರು ನೇರವಾಗಿ ಹೊಸ್ತಿಲ ಹತ್ತಿರ ಬಂದು ಬೇಬಿಯನ್ನು ಧಪ್ಪೆಂದು ನನ್ನ ಮಡಿಲಲ್ಲಿ ಕೂರಿಸಿದರು.

"ಹಾಗಾದ್ರೆ ಇನ್ನು ನೀನೇ ಹಿಡ್ಕೊ. ಕಥೆ ಮುಗಿಯುವ ತನಕ. ಈ ಶನಿವಾರ ಮಾತ್ರ ಅಲ್ಲ, ಎಲ್ಲ ಶನಿವಾರ." ವಾಪಸು ಹೋಗಿ ಕೂತು ಮೊರ ಎತ್ತಿಕೊಂಡರು. "ವತ್ಸಲೆ, ಪುಸ್ತಕ ತಾ."

ವತ್ಸಲೆ ನನ್ನ ಮುಖವನ್ನು ನೋಡಿದಳು, ಗಿರಿಜಕ್ಕನ ಮುಖವನ್ನು ನೋಡಿದಳು, ಒಳಗೆ ಹೋದಳು. ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೇಳಿಸಿತು. ಪುಟ ಎಲ್ಲಿಗೆ ನಿಂತಿತ್ತೆಂದು ಹುಡುಕುತ್ತಿದ್ದವಳಿಗೆ ನಾಲ್ಕು ದಿಕ್ಕಿನಿಂದ ಸಹಾಯ ಬಂತು. ಲಾಟೀನು ಎಡಗೈಲಿ ಉಂಟು, ಬಲಗಾಲು ಮುಂದೆ, ಗಾಳಿ ಎದ್ದಿದೆ, ಹಿಂದೆ ನೋಡಬಾರದು ಅಂತ ಅವಳೇ ಹೇಳಿಕೊಂಡಿದ್ದಾಳೆ. ಇಂಥ ವಿದ್ಯಾರ್ಥಿಗಳು ನನ್ನ ಪ್ರೊಫೆಸರಿಗೆ ಒಬ್ಬರಾದರೂ ಸಿಕ್ಕಿದ್ದರೆ ಅವರು ಅಷ್ಟು ಬೇಗ ನಿವೃತ್ತರಾಗುತ್ತಿರಲಿಲ್ಲ. ಗದ್ದಲ ಕಂಡು ಅಜ್ಜಿ ಏನೆಂದು ವಿಚಾರಿಸಿದರು. ಗಿರಿಜಕ್ಕ ಅವರ ಕಿವಿಯ ಹತ್ತಿರ ಬಾಯಿಟ್ಟು, ಒಂದು ಹುಡುಗಿ ಕೆರೆ ದಾಟುತ್ತಿದ್ದಾಳೆಂದು ಕೂಗಿದರು. "ಈಜು ಬರುದಿಲ್ವಾ ಅವಳಿಗೆ?" ಎಂದು ಕೇಳಿ ಅಜ್ಜಿ ಮತ್ತೆ ಕಲ್ಲು ಹೆಕ್ಕತೊಡಗಿದರು.

ಹುಡುಗಿ ಕೆರೆ ದಾಟಿದಳು. ವೈದ್ಯ ಬಂದ, ಅತ್ತೆ ಉಳಿದಳು, ಗಿರಿಜಕ್ಕ ಅದಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಗೆ ಕೊಟ್ಟರು. ನಾನು ಮಾತ್ರ ಅರ್ಧ ಕಥೆಯನ್ನು ಕೇಳಿಸಿಕೊಳ್ಳಲಿಲ್ಲ. ಬೇಬಿ ನನ್ನ ಬಳೆಗಳನ್ನು ಎಣಿಸಿ, ಗಡಿಯಾರವನ್ನು ಕಚ್ಚಿ ನೋಡಿ, ಕೊನೆಗೆ ನಿದ್ದೆ ಹೋದಳು. ನಿದ್ದೆ ಹೋದ ಮಗು ಎಷ್ಟು ಭಾರವೆಂಬುದು ಹೊತ್ತವರಿಗೇ ಗೊತ್ತು. ಕಾಲು ಜೋಮು ಹಿಡಿದರೂ ಅಲುಗಾಡದೆ ಕೂತೆ. ಒಂದು ವಿಷಯ ಗಮನಿಸಿದೆ. ವತ್ಸಲೆ ಈಗ ಪ್ರತಿ ಪುಟ ಮುಗಿದಾಗಲೂ ತಲೆಯೆತ್ತಿ, ಗ್ಯಾಲರಿಯನ್ನು ಒಮ್ಮೆ ಆ ತುದಿಯಿಂದ ಈ ತುದಿಯ ತನಕ ನೋಡಿ, ಮತ್ತೆ ಹಿಮದೊಳಕ್ಕೆ ಇಳಿಯುತ್ತಿದ್ದಳು. ಕಥೆಯ ಓಟಕ್ಕೆ ಅದರಿಂದ ಏನೂ ಕುಂದಾಗಲಿಲ್ಲ. ಹುಡುಗಿ ಅಷ್ಟು ಹೊತ್ತು ಐಸಿನ ಮೇಲೆ ನಮಗಾಗಿ ಕಾಯುತ್ತಿದ್ದಳು.

ಆ ರಾತ್ರಿ ವತ್ಸಲೆ ಮತ್ತೆ ಅಟ್ಟ ಹತ್ತಿದಳು. ಹಂಡೆಯ ಪಕ್ಕದಿಂದ ತಲೆ ಹೊರಹಾಕಿ, "ಚಿಕ್ಕಮ್ಮ, ಎಪ್ಪತ್ತು ವರ್ಷದ ನಾಯಕಿ ಇರುವ ಪುಸ್ತಕ ಎಲ್ಲಿಯಾದ್ರೂ ಸಿಕ್ತದಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಓದಿದ್ದನ್ನೆಲ್ಲ ಒಮ್ಮೆ ನೆನಪಿಸಿಕೊಂಡು ಹೇಳೋಣವೆಂದು ಕಣ್ಣು ಮುಚ್ಚಿದೆ. ಮತ್ತೆ ಕಣ್ಣು ಬಿಟ್ಟಾಗ ಭಾನುವಾರದ ಬಿಸಿಲು ಮಂಚದ ಕಾಲಿಗೆ ಬಂದಿತ್ತು, ಅಕ್ಕ ನನ್ನ ಕಾಫಿಯನ್ನು ಎರಡನೆಯ ಸಲ ಬಿಸಿ ಮಾಡುತ್ತಿದ್ದಳು.