ಬಡಗುಬೈಲು ಫ್ರೆಂಡ್ಸ್, ಮೂರನೆಯ ಕರೆ

ಒಮಾನಿನಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ ಬೆಳಿಗ್ಗೆ ನಮ್ಮ ಆಫೀಸಿನ ಲಿಫ್ಟಿನೊಳಗೆ ನೋವಿನ ಎಣ್ಣೆಯ ವಾಸನೆ ಗಮ್ಮೆಂದು ತುಂಬಿಕೊಂಡಿತ್ತು. ಪಕ್ಕದಲ್ಲಿದ್ದ ಅಕೌಂಟ್ಸ್ ವಿಭಾಗದ ಹೆಂಗಸು ಮೂಗಿಗೆ ಕರ್ಚೀಫು ಹಿಡಿದರು. ಯಾರಪ್ಪ ಇದು, ಬೆಳಗಾಗುವ ಮೊದಲೇ ಇಷ್ಟು ಬಳಿದುಕೊಂಡು ಬಂದವರು ಎಂಬಂತೆ ನಾನೂ ಆಚೀಚೆ ನೋಡಿದೆ. ವಾಸನೆ ನನ್ನದೇ. ಎರಡು ಮೊಣಕಾಲು, ಒಂದು ಭುಜ ಮತ್ತು ಇಲ್ಲಿ ಹೆಸರಿಸಲಾಗದ ಇನ್ನೊಂದು ಜಾಗಕ್ಕೆ ನನ್ನ ಹೆಂಡತಿ ಅರ್ಧ ಬಾಟಲಿ ತಿಕ್ಕಿ ಕಳುಹಿಸಿದ್ದಳು. ಐವತ್ತೆರಡನೆಯ ವಯಸ್ಸಿನಲ್ಲಿ ಮೊತ್ತಮೊದಲ ಬಾರಿಗೆ ಕಬಡ್ಡಿ ಆಡಿದವನಿಗೆ ಇಷ್ಟಾದರೂ ಆಗಬೇಕಲ್ಲ.

ಮೊತ್ತಮೊದಲ ಬಾರಿ ಎಂದೆ. ನಿಜ, ನಾನು ಆಟಗಾರನಲ್ಲ, ಅಭಿಮಾನಿ. ಆಟಗಾರ ಮೂವತ್ತು ದಾಟಿದರೆ ನಿವೃತ್ತನಾಗಬಹುದು. ಅಭಿಮಾನಿಗೆ ಆ ಭಾಗ್ಯ ಇಲ್ಲ. ನಾನು ಮನಸ್ಸು ಕೊಟ್ಟದ್ದು ನಮ್ಮೂರಿನ ಬಡಗುಬೈಲು ಫ್ರೆಂಡ್ಸ್ ಎಂಬ ಕಬಡ್ಡಿ ತಂಡಕ್ಕೆ. ನೀವು ಹೆಸರು ಕೇಳಿರಲಾರಿರಿ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಕೇಳುವಂಥದ್ದನ್ನು ಅದು ಏನೂ ಮಾಡಿರಲಿಲ್ಲ. ಕರಾವಳಿಯ ಯಾವ ಟೂರ್ನಮೆಂಟಿಗೆ ಹೋದರೂ ಸೆಮಿಫೈನಲ್ ತನಕ ಚೆನ್ನಾಗಿ ಆಡುವುದು, ಅಲ್ಲಿ ತೋಡಿನಾಚೆಯ ಮೂಡುಬೈಲಿನವರ ಕೈಯಲ್ಲಿ ಸೋಲುವುದು, ಆಮೇಲೆ ವ್ಯಾನಿನಲ್ಲಿ ದಾರಿಯುದ್ದಕ್ಕೂ ರೆಫ್ರಿಯನ್ನು ಬೈಯುತ್ತ ಮನೆಗೆ ಬರುವುದು, ಇದು ಅದರ ಕ್ರಮ. ಬೈಯುವ ವಿಭಾಗಕ್ಕೆ ನಾನೇ ಮುಖ್ಯಸ್ಥನಾಗಿದ್ದೆ.

ತಂಡದ ಮ್ಯಾನೇಜರು ಮೋನಾಕ. ಹೆಸರು ಮುಹಮ್ಮದ್ ಎಂದೇನೋ ಇರಬೇಕು, ಪಾಸ್‌ಪೋರ್ಟ್ ನೋಡಿದವರಿಗಷ್ಟೇ ಗೊತ್ತು. ಊರಿನ ಸಣ್ಣವರಿಗೆ ದೊಡ್ಡವರಿಗೆ ಎಲ್ಲರಿಗೂ ಅವರು ಮೋನಾಕನೇ. ಅವರ ಒಂದು ಕಾನೂನಿತ್ತು. ತಂಡದಲ್ಲಿ ಆಡುವವನು ಬಡಗುಬೈಲಿನಲ್ಲೇ ಹುಟ್ಟಿರಬೇಕು. ಒಮ್ಮೆ ಮೂಡುಬೈಲಿನ ಒಬ್ಬ ಒಳ್ಳೆಯ ರೈಡರ್ ನಮ್ಮೂರಿನ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಬಂದು ನೆಲೆಸಿದ. ನಮಗೆಲ್ಲ ಬಾಯಲ್ಲಿ ನೀರು. "ಅಳಿಯ ಊಟಕ್ಕೆ ಆಗಬಹುದು, ಅಂಕಣಕ್ಕೆ ಆಗುದಿಲ್ಲ" ಎಂದರು ಮೋನಾಕ. ಆ ವರ್ಷವೂ ನಾವು ಸೆಮಿಫೈನಲಿನಲ್ಲಿ ಸೋತೆವು. ಸೋತದ್ದಕ್ಕೆ ಅವರಿಗೆ ಬೇಸರವಾಗಿತ್ತು, ಅಳಿಯನನ್ನು ಹೊರಗೆ ಕೂರಿಸಿದ್ದಕ್ಕೆ ಅಲ್ಲ.

ಅಂಥ ತಂಡ ಕೊನೆಗೊಂಡದ್ದು ಸೋತು ಅಲ್ಲ, ವೀಸಾ ಸಿಕ್ಕಿ. ಒಬ್ಬ ದಮ್ಮಾಮಿಗೆ ಹೋದ, ಇಬ್ಬರು ದುಬೈಗೆ, ಕ್ಯಾಪ್ಟನ್ ಕುವೈತಿಗೆ. ಅಂಕಣ ಇದ್ದ ಜಾಗದ ಮೇಲೆ ಹೆದ್ದಾರಿ ಬಂತು. ಮೋನಾಕ ಒಮಾನಿನ ಸೀಬಿಗೆ ಬಂದು ಅಲ್ಲಿನ ಪೇಟೆಬೀದಿ ಸೂಕಿನಲ್ಲಿ ಸಾಂಬಾರ ಪದಾರ್ಥದ ಅಂಗಡಿ ಇಟ್ಟರು, ಕೆಲವು ವರ್ಷ ಬಿಟ್ಟು ನಾನೂ ಅದೇ ಸೀಬಿನಲ್ಲಿ ಆಫೀಸು ಸೇರಿದೆ. ಮೊದಲ ಸಲ ಅವರ ರೂಮಿಗೆ ಹೋದಾಗ ಕಪಾಟು ತೆರೆದು ತೋರಿಸಿದರು. ಏಳು ಹಳದಿ ಜೆರ್ಸಿಗಳು, ಇಸ್ತ್ರಿ ಹಾಕಿ ಮಡಚಿ ಇಟ್ಟಿದ್ದರು. ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ ಕಡಿಮೆ ಮಾಡಿ ಅವನ್ನು ತಂದಿದ್ದರಂತೆ. "ತಂಡ ಇಲ್ಲದೆ ಜೆರ್ಸಿ ಎಂತಕ್ಕೆ ಮೋನಾಕ?" ಎಂದೆ. "ಅವರು ಬಂದ್ರೆ ಹಾಕುದೆಂತ ಮಾರಾಯ?" ಎಂದು ನನ್ನನ್ನೇ ಕೇಳಿದರು.

ಇಲ್ಲಿ ಅಲ್ ಅಮೇರಾತಿನ ಒಂದು ಮೈದಾನದಲ್ಲಿ ಚಳಿಗಾಲದ ಒಂದು ಶುಕ್ರವಾರ, ಜುಮಾ ನಮಾಜು ಮುಗಿದ ಮೇಲೆ, ನಮ್ಮ ಕರಾವಳಿಯವರ ಕಬಡ್ಡಿ ನಡೆಯುತ್ತದೆ. ಊರಿಗೊಂದು ತಂಡ. ಮೊದಲ ವರ್ಷ ನಾನು ಬಹಳ ಹುಮ್ಮಸ್ಸಿನಿಂದ ಬಡಗುಬೈಲಿನ ಹೆಸರು ಕೊಟ್ಟುಬಿಟ್ಟೆ. ಒಮಾನಿನಲ್ಲಿ ನಮ್ಮೂರಿನವರು ಏಳು ಮಂದಿ ಸಿಗಲಿಕ್ಕಿಲ್ಲವೇ ಎಂಬ ಧೈರ್ಯ. ಫೋನಿನಲ್ಲಿ ಎಲ್ಲರೂ ಬರುತ್ತೇವೆ ಎಂದವರೇ. ಆ ದಿನ ಬಂದದ್ದು ನಾನು ಮತ್ತು ಮೋನಾಕ, ಜತೆಗೆ ಏಳು ಜೆರ್ಸಿ.

ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಬಾರದ ತಂಡವನ್ನು ಸುಮ್ಮನೆ ಬಿಟ್ಟುಬಿಡುವುದಿಲ್ಲ, ಮೂರು ಸಲ ಕರೆಯುತ್ತಾರೆ. ನಾವಿಬ್ಬರೂ ನಾಚಿಕೆಯಿಂದ ನನ್ನ ಕಾರಿನ ಹಿಂದೆ ಅಡಗಿ ಕೂತೆವು. ಮೈಕಿನವ ಒಳ್ಳೆಯ ಗಂಟಲಿನವ. "ಬಡಗುಬೈಲು ಫ್ರೆಂಡ್ಸ್, ಅಂಕಣಕ್ಕೆ ಬರಬೇಕು, ಇದು ಪ್ರಥಮ ಕರೆ." ಸ್ವಲ್ಪ ಹೊತ್ತು ಬಿಟ್ಟು ದ್ವಿತೀಯ. ಮತ್ತೆ, "ಬಡಗುಬೈಲು ಫ್ರೆಂಡ್ಸ್, ತೃತೀಯ ಹಾಗೂ ಅಂತಿಮ ಕರೆ." ಆ ಹೆಸರು ಮೈದಾನ ದಾಟಿ, ಎದುರಿನ ಬೋಳು ಗುಡ್ಡಕ್ಕೆ ತಾಗಿ, ನಮ್ಮ ಕಡೆಗೇ ವಾಪಸು ಬಂತು. ಹತ್ತು ಹನ್ನೆರಡು ವರ್ಷಗಳಿಂದ ಅದನ್ನು ಮೈಕಿನಲ್ಲಿ ಯಾರೂ ಹೇಳಿರಲಿಲ್ಲ. ತಿರುಗಿ ನೋಡಿದರೆ ಮೋನಾಕ ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. "ಒಳ್ಳೆದಾಯಿತು ಅಲ್ಲ?" ಎಂದರು. ನನಗೂ ಬಹಳ ಒಳ್ಳೆಯದಾಗಿತ್ತು.

ಅಂದಿನಿಂದ ಪ್ರತಿ ವರ್ಷ ಹೆಸರು ಕೊಡುತ್ತ ಬಂದೆವು. ಆಡಲಿಕ್ಕಲ್ಲ, ಕರೆಸಿಕೊಳ್ಳಲಿಕ್ಕೆ. ಶುಕ್ರವಾರ ಬಿರಿಯಾನಿ ಉಂಡು, ಫ್ಲಾಸ್ಕಿನಲ್ಲಿ ಹಾಲಿಲ್ಲದ ಸುಲೈಮಾನಿ ಚಾ ಹಿಡಿದುಕೊಂಡು ಹೋಗಿ, ಮೂರು ಕರೆ ಕೇಳಿ, ಎದುರಾಳಿಗೆ ವಾಕ್‌ಓವರ್ ಕೊಟ್ಟು ಮನೆಗೆ ಬರುವುದು. ಹೆಂಡತಿ, "ನಿಮ್ಮ ತಂಡ ಈ ಸಲವಾದರೂ ಸೆಮಿಫೈನಲಿಗೆ ಬಂತಾ?" ಎಂದು ಬೇಕೆಂದೇ ಕೇಳುತ್ತಾಳೆ. ಇಲ್ಲೇ ಹುಟ್ಟಿದ ಮಗಳು ಇನ್ನೂ ನೇರ. "ಅಪ್ಪಾ, ದಟ್ ಟೀಮ್ ಡಸಂಟ್ ಈವನ್ ಎಕ್ಸಿಸ್ಟ್!" ಇಲ್ಲದ ತಂಡವನ್ನು ಯಾರಾದರೂ ಮೂರು ಸಲ ಕರೆಯುತ್ತಾರಾ ಎಂದು ನಾನು ವಾದಿಸುತ್ತೇನೆ. ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾಳೆ.

ಈ ವರ್ಷ ಎರಡು ಸಂಗತಿ ಒಟ್ಟಿಗೇ ಬಂದವು. ಮೋನಾಕ ಅಂಗಡಿಯನ್ನು ವೀಸಾ ಕೊಟ್ಟ ಒಮಾನಿ ಕಫೀಲನಿಗೆ ಬಿಟ್ಟುಕೊಟ್ಟು, ವೀಸಾ ಕ್ಯಾನ್ಸಲ್ ಮಾಡಿ, ಊರಿಗೆ ಹೋಗುವುದೆಂದು ತೀರ್ಮಾನಿಸಿದರು. "ಮೊಣಕಾಲು ಬೇಡ ಅಂತ ಹೇಳ್ತಾ ಉಂಟು. ಖಲಾಸ್" ಎಂದರು. ಅದೇ ವಾರ ಟೂರ್ನಮೆಂಟಿನ ಕಾರ್ಯದರ್ಶಿ ಫೋನು ಮಾಡಿದ. ಬಹಳ ಮರ್ಯಾದೆಯಿಂದಲೇ, "ಸರ್, ನಿಮ್ಮ ತಂಡ ಒಮ್ಮೆಯೂ ಬರುದಿಲ್ಲ. ಈ ಸಲವೂ ಬರದಿದ್ರೆ ಹೆಸರು ಪಟ್ಟಿಯಿಂದ ತೆಗಿತೇವೆ" ಎಂದ. ತಪ್ಪೇನೂ ಹೇಳಲಿಲ್ಲ ಪಾಪ. ಮೋನಾಕನಿಗೆ ಹೇಳಿದಾಗ ಅವರು ಏಲಕ್ಕಿ ತೂಗುತ್ತಿದ್ದ ಕೈ ನಿಲ್ಲಿಸಿದರು. "ನಾನು ಹೋಗುದು ಪರವಾಗಿಲ್ಲ. ಹೆಸರು ಹೋಗಬಾರದು ಮಾರಾಯ."

ಇಲ್ಲಿನ ನಿಯಮದಂತೆ ಐದು ಮಂದಿಯಾದರೂ ಅಂಕಣಕ್ಕೆ ಇಳಿಯಬೇಕು. ಅಲ್ ಅಮೇರಾತಿನಲ್ಲಿ ಟೈಲರ್ ಅಂಗಡಿ ಇಟ್ಟ ಅಣ್ಣತಮ್ಮಂದಿರಿಬ್ಬರು ಒಪ್ಪಿದರು. ನಿಜ್ವಾದ ಆಸ್ಪತ್ರೆಯ ಲ್ಯಾಬಿನಲ್ಲಿರುವ ಫಾರೂಕ್ ಒಪ್ಪಿದ. ಸೊಹಾರಿನಿಂದ ಒಬ್ಬ ಬರುತ್ತೇನೆಂದ. ಐದನೆಯವನು ಯಾರು ಎಂದು ಲೆಕ್ಕ ಹಾಕುತ್ತ ಕೂತಾಗ ಮೋನಾಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೋನಾಕ, ನಾನು ಬೈಯುವ ವಿಭಾಗ" ಎಂದೆ. "ನೀನು ಬಡಗುಬೈಲಿನಲ್ಲಿ ಹುಟ್ಟಿದ್ದು ಹೌದಲ್ಲ?" ಎಂದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಮೊನ್ನೆ ಶುಕ್ರವಾರ ಜೆರ್ಸಿ ಹಾಕಿಕೊಂಡೆವು. ಅವು ಇಪ್ಪತ್ತರ ಹರೆಯದ ಸಣಕಲು ಮೈಗಳಿಗೆ ಹೊಲಿದವು, ನಮ್ಮ ಹೊಟ್ಟೆಯ ಮೇಲೆ ಬಡಗು ಒಂದು ಕಡೆ, ಬೈಲು ಇನ್ನೊಂದು ಕಡೆ ನಿಂತಿತು. ಚೀಟಿ ಎತ್ತಿದಾಗ ಎದುರಾಳಿ ಮೂಡುಬೈಲು ಎಂದೇ ಬರಬೇಕೇ! ಅಷ್ಟರಲ್ಲಿ ಸೊಹಾರಿನವನ ಫೋನು: ಡ್ಯೂಟಿ ಬಿದ್ದಿದೆ, ಬರಲಾಗುವುದಿಲ್ಲ. ಮೊದಲ ಕರೆ ಆಯಿತು. ಎರಡನೆಯದೂ ಆಯಿತು. ಮೂರನೆಯ ಕರೆಗೆ ನಾವು ನಾಲ್ಕೇ ಜನ ಹೋಗಿ ಅಂಕಣದಲ್ಲಿ ನಿಂತೆವು. ರೆಫ್ರಿ ಎಣಿಸಿ ತಲೆ ಅಲ್ಲಾಡಿಸಿದ.

ಆಗ ಮೂಡುಬೈಲಿನ ಕ್ಯಾಪ್ಟನ್ನೇ ಮುಂದೆ ಬಂದ. "ನಮ್ಮಲ್ಲಿ ಎಕ್ಸ್‌ಟ್ರಾ ಹುಡುಗರಿದ್ದಾರೆ. ಈ ಪ್ರಜ್ವಲನನ್ನು ತಕೊಳ್ಳಿ, ಆಡುವ" ಎಂದ. ಪ್ರಜ್ವಲ್ ಎಂಬವ ಇಪ್ಪತ್ತೈದರ ಗಟ್ಟಿಮುಟ್ಟಾದ ತರುಣ, ಯಾವುದೋ ಸೂಪರ್ ಮಾರ್ಕೆಟಿನಲ್ಲಿ ಕೆಲಸ. ರೆಫ್ರಿ ಒಪ್ಪಿದ. ಆದರೆ ಉಳಿದ ಮೂರು ಜೆರ್ಸಿ ಇದ್ದದ್ದು ಗೆರೆಯ ಹೊರಗೆ ನಿಂತ ಮೋನಾಕನ ಚೀಲದಲ್ಲಿ. ಅವರು ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು.

"ಮೂಡುಬೈಲಿನವ ನಮ್ಮ ಜೆರ್ಸಿ ಹಾಕುದಾ?"

ಮೂವತ್ತೈದು ವರ್ಷಗಳಲ್ಲಿ ನಾನು ಮೋನಾಕನ ಮಾತಿಗೆ ಎದುರಾಡಿದವನಲ್ಲ. "ಮೋನಾಕ, ಕೊಡದಿದ್ರೆ ಇನ್ನು ಯಾರೂ ನಮ್ಮ ಹೆಸರು ಕರೆಯುದಿಲ್ಲ" ಎಂದೆ. ಅವರು ನನ್ನನ್ನು ನೋಡಲಿಲ್ಲ, ಹುಡುಗನನ್ನೂ ನೋಡಲಿಲ್ಲ. ಜಿಪ್ಪು ಎಳೆದು, ಒಂದು ಜೆರ್ಸಿ ತೆಗೆದು, ಕೈ ಮಾತ್ರ ಚಾಚಿದರು. ಮತ್ತೆ ಹೋಗಿ ಅಂಕಣಕ್ಕೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತರು.

ಆಟದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಾನು ಒಂದು ರೈಡ್ ಮಾಡಿದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಮುಗಿದು, ಕಬಡ್ಡಿ ಎಂಬ ಶಬ್ದ ಕಬ ಎಂಬಲ್ಲಿಗೇ ನಿಂತಿತು. ಸ್ಕೋರು ಕೇಳಬೇಡಿ. ಮೋನಾಕನ ಬೆನ್ನು ಮಾತ್ರ ನನಗೆ ಕಾಣುತ್ತಲೇ ಇತ್ತು, ಹೆಸರು ಉಳಿಸಲು ಹೋಗಿ ಮನುಷ್ಯನನ್ನೇ ನೋಯಿಸಿದೆನಲ್ಲ ಅನಿಸುತ್ತಿತ್ತು.

ಕೊನೆಗೆ ಮೂಡುಬೈಲಿನ ಕ್ಯಾಪ್ಟನ್ ರೈಡಿಗೆ ಬಂದ. ನಾವು ನಾಲ್ವರೂ ಹಿಂದೆ ಸರಿದೆವು, ಅದು ಯುದ್ಧತಂತ್ರ ಅಲ್ಲ, ಹೆದರಿಕೆ. ಪ್ರಜ್ವಲ್ ಒಬ್ಬನೇ ಮೂಲೆಯಿಂದ ಹಾರಿ ತನ್ನ ಸ್ವಂತ ಕ್ಯಾಪ್ಟನ್ನಿನ ಕಾಲು ಹಿಡಿದ. ಬಿಡಲಿಲ್ಲ. ಕ್ಯಾಪ್ಟನ್ ಎಳೆದ, ಒದ್ದಾಡಿದ, ಹುಡುಗನ ಗಲ್ಲ ಮ್ಯಾಟಿಗೆ ಉಜ್ಜಿತು, ಹಳದಿ ಜೆರ್ಸಿ ಹೆಗಲಲ್ಲಿ ಹರಿಯಿತು. ರೆಫ್ರಿ ಸೀಟಿ ಊದಿ ನಮ್ಮ ಕಡೆ ಬೆರಳೆತ್ತಿದ.

"ಬಡಗುಬೈಲೂ!"

ಮೈಕ್ ಅಲ್ಲ, ಮೋನಾಕ. ಕುರ್ಚಿ ಮಗುಚಿ ಬಿದ್ದಿತ್ತು. ಬೇಡ ಎನ್ನುತ್ತಿದ್ದ ಮೊಣಕಾಲಿನ ಮೇಲೆ ಎದ್ದು ನಿಂತು, ಅಂಕಣದತ್ತ ಮುಖ ಮಾಡಿ, ಎರಡೂ ಕೈ ಮೇಲೆತ್ತಿದ್ದರು. "ಹಿಡಿದ ನಮ್ಮ ಹುಡುಗ! ಹಿಡಿದ!" ಎಂದು ಪಕ್ಕದಲ್ಲಿದ್ದ ಮೂಡುಬೈಲಿನವರಿಗೇ ಹೇಳುತ್ತಿದ್ದರು. ನನಗೆ ಅಂಕಣದ ಮಧ್ಯದಲ್ಲೇ ಅಳು ಬಂತು. ಸುಸ್ತಾಗಿದೆ ಎಂದು ಎಲ್ಲರೂ ನೀರು ತಂದುಕೊಟ್ಟರು.

ಈಗ ಆಫೀಸಿನಲ್ಲಿ ಕೂತು, ಏಳುವಾಗೊಮ್ಮೆ ಕೂರುವಾಗೊಮ್ಮೆ ಅಮ್ಮಾ ಎನ್ನುತ್ತ ಇಷ್ಟು ಬರೆದೆ. ಮಧ್ಯಾಹ್ನ ಮೋನಾಕನ ಫೋನು ಬಂತು. ಸಾಮಾನು ಕಟ್ಟುತ್ತಿದ್ದರು. ಆ ಹುಡುಗ ಜೆರ್ಸಿ ತೊಳೆದು, ಹರಿದಲ್ಲಿ ಹೊಲಿಸಿ, ವಾಪಸು ಕೊಡಲು ಸಂಜೆ ನನ್ನನ್ನು ಕಾಣಲು ಬರುತ್ತಾನೆ ಎಂದು ತಿಳಿಸಿದೆ. ಆ ಕಡೆಯಿಂದ ಪೆಟ್ಟಿಗೆಗೆ ಟೇಪು ಎಳೆಯುವ ಸದ್ದು ಕೇಳಿತು.

"ತಕೊಳ್ಳಬೇಡ" ಎಂದರು ಮೋನಾಕ. "ಅದು ಅವನದ್ದೇ ಅಂತ ಹೇಳು."