ರೇಡಿಯೋದಲ್ಲಿ ಬಿಟ್ಟುಹೋದ ಹೆಸರು

ಅಂದು ಬೆಳಿಗ್ಗೆಯೂ ಹಾಲು ಕಾಯಿಸಿದೆ, ಮಿಲ್ಲಿನ ಪಾಳಿಗೆ ಹೊರಟ ಯಜಮಾನರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ತುಂಬಿದೆ, ಫ್ರಿಜ್ಜಿನ ಮೇಲಿನ ರೇಡಿಯೋ ಹಚ್ಚಿದೆ. ದಾಂಡೇಲಿಯ ನಮ್ಮ ಗಲ್ಲಿಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಬೇಕಾದ ಹಾಡು ಬೇಕಾದಾಗ ಸಿಗುತ್ತದೆ. ಆದರೂ ಹತ್ತು ಗಂಟೆಯ ಫೋನ್-ಇನ್ ಕಾರ್ಯಕ್ರಮವನ್ನು ಯಾರೂ ತಪ್ಪಿಸುವುದಿಲ್ಲ. ಹಾಡಿಗಾಗಿ ಅಲ್ಲ, ಹಾಡಿಗೂ ಮೊದಲು ಬರುವ ಹೆಸರುಗಳಿಗಾಗಿ. ಮೊಬೈಲು ಹಾಡು ಕೇಳಿಸುತ್ತದೆ. ಊರಿಗೆಲ್ಲ ಕೇಳುವಂತೆ ನಮ್ಮ ಹೆಸರು ಹೇಳುವುದಿಲ್ಲವಲ್ಲ.

ವಾರಗಟ್ಟಲೆ ಎಂಗೇಜ್ ಬರುತ್ತಿದ್ದ ಲೈನು ಅಂದು ನನಗೆ ಸಿಕ್ಕಿತು. ಚೀಟಿ ತಯಾರಿತ್ತು. ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಅಂಚು ಬಿಟ್ಟು, ನಂಬರ್ ಹಾಕಿ, ಹನ್ನೊಂದು ಹೆಸರು: ಹಳಿಯಾಳದ ನಾದಿನಿಯಿಂದ ಹಿಡಿದು ಮೂಲೆಮನೆಯ ಎರಡು ತಿಂಗಳ ಕೂಸಿನವರೆಗೆ. ಒಂದೇ ಉಸಿರಿನಲ್ಲಿ ಓದಿದೆ.

“ಇನ್ನೂ ಯಾರಾದರೂ ಇದ್ದಾರಾ ಮೇಡಂ, ಹಾಡು ಹಾಕೋಣವಾ?” ನಿರೂಪಕಿ ನಕ್ಕಳು.

“ಇಷ್ಟೇ ಮಂದಿ,” ಎಂದೆ.

ಹಾಡು ಶುರುವಾದ ಮೇಲೆ ಚೀಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದೆ. ಆ ಹಾಡು ಆರಿಸಿಕೊಟ್ಟವರೇ ಪಕ್ಕದ ಮನೆಯ ಆಪಾ, ಗ್ಯಾರೇಜಿನವರ ಹೆಂಡತಿ. ಹದಿನೈದು ವರ್ಷದಿಂದ ನಮ್ಮೆರಡು ಮನೆಗೆ ಒಂದೇ ಗೋಡೆ. ಅವರನ್ನು ಮರೆಯುವುದುಂಟೇ ಎಂದು ಅವರ ಹೆಸರನ್ನು ಚೀಟಿಯಲ್ಲಿ ಬರೆದೇ ಇರಲಿಲ್ಲ!

ಗೋಡೆಯಾಚೆ ಅವರ ರೇಡಿಯೋ ಥಟ್ಟನೆ ಬಂದ್ ಆಯಿತು. ಸೆಲ್ ಮುಗಿದಿರಲಿ ದೇವರೇ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಮೂಲೆಮನೆಯವರು ನನ್ನ ಮಾತನ್ನು ರೆಕಾರ್ಡ್ ಮಾಡಿ, ಕೂಸಿನ ಫೋಟೋ ಸಮೇತ ಗಲ್ಲಿಯ ಮೊಬೈಲ್ ಗ್ರೂಪಿಗೆ ಹಾಕಿಬಿಟ್ಟರು. “ಇಷ್ಟೇ ಮಂದಿ” ಎನ್ನುವ ನನ್ನ ದನಿ ಮಧ್ಯಾಹ್ನದವರೆಗೆ ಮನೆಮನೆಯಿಂದ ಕೇಳಿಬರುತ್ತಿತ್ತು. ಎಷ್ಟು ಸ್ಪಷ್ಟ ಉಚ್ಚಾರ! ಹಿತ್ತಿಲಿನಲ್ಲಿ ಆಪಾ ಸಿಕ್ಕಾರೆಂದು ಹೆದರಿ, ಒಗೆದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟೆ.

ಸಂಜೆ ಬೇರೆ ದಾರಿಯಿಲ್ಲದೆ ಹಿತ್ತಿಲಿಗೆ ಹೋದೆ. ಆಪಾ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

“ಆಪಾ, ತಪ್ಪಾತ್ರಿ. ನಿಮ್ಮ ಹೆಸರ...”

“ಅಯ್ಯ, ಭಾಬಿ! ಮೊದಲ ಸಿಟ್ಟು ಬಂದಿತ್ತು, ಖರೇನ. ಆಮ್ಯಾಲ ನೋಡ್ರಿ, ಒಬ್ರ ಮ್ಯಾಲ ಒಬ್ರು ಬಂದ್ರು. ‘ಬಾಜೂ ಮನೀ ನಿಮ್ಮನ್ನ ಹೆಂಗ ಬಿಟ್ರು, ಪಾಪ’ ಅಂತ. ಮೂರ್ ಸಲ ಚಾ ಇಟ್ಟೆ.”

ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕುತ್ತ, ನನ್ನ ಕಡೆ ನೋಡದೆಯೇ ಅಂದರು: “ಆ ಹನ್ನೊಂದ್ ಮಂದಿ ಮನೀಗೆ ಯಾರರ ಹೋಗ್ಯಾರೇನ್ರಿ? ಮುಂದಿನ ಸಲಾನೂ ನನ್ನ ಬಿಟ್ಟಬಿಡ್ರಿ.”